ಕೈಪಿಡಿಯಲ್ಲಿಲ್ಲದ ಕಮಾಂಡಿಗೆ ಯಾರು ಹೊಣೆ?

ಸಾಫ್ಟ್‌ವೇರ್ ಬರೆಯುವವರಲ್ಲಿ ಬಹಳ ಕಾಲದಿಂದ ಬೇರೂರಿರುವ ನಂಬಿಕೆಯೊಂದಿದೆ. ಟೆಕ್ಸ್ಟ್ ಎಡಿಟರೊಂದು ಕಮಾಂಡಿನ ಚುಟುಕು ರೂಪವನ್ನು ಒಪ್ಪಿಕೊಂಡು ಕೆಲಸ ಮಾಡಿಕೊಟ್ಟಿತೆಂದರೆ ಆ ರೂಪ ಎಡಿಟರಿನ ಭಾಷೆಗೆ ಸೇರಿದ್ದೇ ಸರಿ. ಅದು ಕೈಪಿಡಿಯಲ್ಲಿ ಇದೆಯೋ ಇಲ್ಲವೋ ಎಂಬುದು ಕೈಪಿಡಿ ಬರೆದವರ ಶ್ರದ್ಧೆಯ ಪ್ರಶ್ನೆಯೇ ಹೊರತು ಕಮಾಂಡಿನ ಯೋಗ್ಯತೆಯ ಪ್ರಶ್ನೆಯಲ್ಲ ಎನ್ನುವುದು ಆ ನಂಬಿಕೆ. ಇದಕ್ಕೆ ಅಂಟಿಕೊಂಡು ಇನ್ನೊಂದು ಭಾವನೆಯೂ ಬೆಳೆದಿದೆ: ಎಲ್ಲೂ ದಾಖಲಾಗದ ಶಾರ್ಟ್‌ಕಟ್‌ಗಳನ್ನು ಬಲ್ಲವರೇ ನಿಜವಾದ ಕಸುಬುದಾರರು, ಕೈಪಿಡಿ ಓದಿ ಕಲಿತವರು ಇನ್ನೂ ಹೊಸ್ತಿಲ ಹೊರಗಿನವರು. ನನ್ನ ದೃಷ್ಟಿಯಲ್ಲಿ ಎರಡೂ ಗೊಂದಲದಿಂದ ಹುಟ್ಟಿದವು. ಎರಡನೆಯದು ಮೊದಲನೆಯದರ ಕೂಸಾದ್ದರಿಂದ ಮೊದಲನೆಯದನ್ನೇ ಬಿಡಿಸಿ ನೋಡಬೇಕು. ಉದಾಹರಣೆಗೆ ಬೇಕಾದಷ್ಟು ಸಾಮಗ್ರಿ ವಿಐ ಮತ್ತು ಅದರ ಇಂದಿನ ರೂಪವಾದ ವಿಮ್ ಎಡಿಟರಿನಲ್ಲೇ ಸಿಗುತ್ತದೆ. ಸರ್ವರ್‌ಗಳ ಮೇಲೆ ಕೆಲಸ ಮಾಡುವ ಯಾರೇ ಆದರೂ ಒಂದಲ್ಲ ಒಂದು ದಿನ ಅದನ್ನು ತೆರೆಯಲೇಬೇಕಾಗುತ್ತದೆ.

ಮೊದಲು ಆ ನಂಬಿಕೆಗೆ ಸಲ್ಲಬೇಕಾದ ಬಲವನ್ನು ಸಲ್ಲಿಸೋಣ. 1969ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಯೂನಿಕ್ಸ್‌ಗಾಗಿ ಬರೆದ ಇಡಿ ಎಂಬ ಎಡಿಟರಿಗೆ ಪರದೆಯೇ ಇರಲಿಲ್ಲ. ಅದು ಮಾತಾಡುತ್ತಿದ್ದದ್ದು ಕಾಗದದ ಮೇಲೆ ಅಚ್ಚೊತ್ತುವ ಟೆಲಿಟೈಪ್ ಯಂತ್ರದ ಮೂಲಕ. ಆ ಕಾಲದ ಹೆಸರಾಂತ ಯಂತ್ರವಾದ ಮಾಡೆಲ್ 33ರ ವೇಗ ಸೆಕೆಂಡಿಗೆ 10 ಅಕ್ಷರ. ಅಲ್ಲಿ ಡಿಲೀಟ್ ಎಂದು ಆರಕ್ಷರ ಒತ್ತುವುದಕ್ಕೂ ಡಿ ಎಂದು ಒಂದಕ್ಷರ ಒತ್ತುವುದಕ್ಕೂ ಇದ್ದ ಅಂತರ ಬೆರಳಿಗೂ ಕಿವಿಗೂ ತಿಳಿಯುವಂಥದ್ದು. ತಪ್ಪಾದರೆ ಇಡಿ ಹೇಳುತ್ತಿದ್ದದ್ದು ಬರೀ ಒಂದು ಪ್ರಶ್ನಾರ್ಥಕ ಚಿಹ್ನೆ. ಬರ್ಕ್‌ಲಿಯಲ್ಲಿ ಬಿಲ್ ಜಾಯ್ 1976ರಿಂದ ಮುಂದಕ್ಕೆ ಇಎಕ್ಸ್ ಮತ್ತು ವಿಐ ಎಡಿಟರುಗಳನ್ನು ಕಟ್ಟಿದಾಗ ಪರದೆ ಬಂದಿತ್ತು, ಆದರೆ ಅವರು ಮನೆಯಿಂದ ಕೆಲಸ ಮಾಡುತ್ತಿದ್ದದ್ದು 300 ಬಾಡ್ ವೇಗದ ಮೋಡೆಮ್ ಮೇಲೆ. ಚುಟುಕುತನ ಆಗ ಶೋಕಿಯಾಗಿರಲಿಲ್ಲ, ಕೆಲಸ ನಡೆಯಬೇಕಾದರೆ ಅದು ಬೇಕೇ ಬೇಕಿತ್ತು. ಅದರ ಜೊತೆಗೆ ಯೂನಿಕ್ಸ್ ಬೆಳೆದದ್ದು ಸೋರ್ಸ್ ಕೋಡನ್ನು ಕೈಯಲ್ಲಿ ಹಿಡಿದವರ ನಡುವೆ. ಕೈಪಿಡಿಗೂ ಪ್ರೋಗ್ರಾಮಿಗೂ ಭಿನ್ನಾಭಿಪ್ರಾಯ ಬಂದರೆ ಪ್ರೋಗ್ರಾಮಿನ ಮಾತೇ ಕಡೆಯ ಮಾತು ಎಂದು ಅವರಿಗೆ ಸಹಜವಾಗಿಯೇ ಅನ್ನಿಸಿತು. ಕೈಪಿಡಿಗಳು ಹಿಂದೆ ಬೀಳುತ್ತವೆ, ತಪ್ಪೂ ಹೇಳುತ್ತವೆ. ಯಂತ್ರ ಮಾತ್ರ ತಾನು ಮಾಡುವುದನ್ನೇ ಮಾಡುತ್ತದೆ. ಕಣ್ಣೆದುರು ನಡೆಯುತ್ತಿರುವುದನ್ನು ಕಾಗದದಲ್ಲಿಲ್ಲ ಎಂಬ ಒಂದೇ ಕಾರಣಕ್ಕೆ ಕೀಳು ಎನ್ನುವುದು ಹೇಗೆ? ಇದು ತಳ್ಳಿಹಾಕುವಂಥ ವಾದವಲ್ಲ.

ಆದರೆ ಈ ವಾದ ‘ದಾಖಲಾಗಿಲ್ಲ’ ಎಂಬ ಮಾತನ್ನೇ ಸಡಿಲವಾಗಿ ಬಳಸುತ್ತದೆ. ವಿಮ್‌ನ ಸಹಾಯ ಪುಟಗಳಲ್ಲಿ ಡಿಲೀಟ್ ಕಮಾಂಡನ್ನು ಬರೆಯುವ ರೀತಿ ಹೀಗೆ: ಮೊದಲ ಅಕ್ಷರ ಹೊರಗೆ, ಉಳಿದ ಐದು ಅಕ್ಷರ ಚೌಕ ಕಂಸದೊಳಗೆ. ಕಂಸದ ಹೊರಗಿರುವುದು ಕಡ್ಡಾಯ, ಒಳಗಿರುವುದರಲ್ಲಿ ಎಷ್ಟು ಬೇಕೋ ಅಷ್ಟನ್ನು ಸೇರಿಸಿಕೊಳ್ಳಬಹುದು. ಇದೇ ಕ್ರಮವನ್ನು ಇಎಕ್ಸ್, ವಿಐಗಳನ್ನು ಒಳಗೊಂಡ 1992ರ ಪೋಸಿಕ್ಸ್ ಮಾನಕವೂ ಅನುಸರಿಸುತ್ತದೆ. ಅದಕ್ಕೂ ಹಿಂದೆ ಜಾಯ್ ಅವರ ಇಎಕ್ಸ್ ಕೈಪಿಡಿಯೇ ಕಮಾಂಡುಗಳ ಪಕ್ಕದಲ್ಲಿ ಅವುಗಳ ಚುಟುಕನ್ನು ಕೊಟ್ಟಿತ್ತು. ಹಾಗಾಗಿ ಡಿಲೀಟ್ ಪದದ ಮೊದಲ ನಾಲ್ಕಕ್ಷರವನ್ನಷ್ಟೇ ಒತ್ತಿ ಸಾಲೊಂದನ್ನು ಅಳಿಸಿದವರು ‘ಇದು ಎಲ್ಲೂ ಬರೆದಿಲ್ಲ, ನಾನೇ ಕಂಡುಹಿಡಿದೆ’ ಎಂದರೆ ಅದು ನಿಜವಲ್ಲ. ಆ ನಾಲ್ಕಕ್ಷರದ ರೂಪ ಪಟ್ಟಿಯಲ್ಲಿಲ್ಲ, ನಿಯಮದಲ್ಲಿದೆ. ಪಟ್ಟಿಯಾಗದೇ ಇರುವುದು, ದಾಖಲಾಗದೇ ಇರುವುದು, ಯಾರೂ ಹೊಣೆ ಹೊರದೇ ಇರುವುದು ಇವು ಮೂರೂ ಬೇರೆ ಬೇರೆ ಸ್ಥಿತಿಗಳು. ಜನ ಹೇಳುವ ‘ಗುಟ್ಟಿನ ಚುಟುಕು’ಗಳಲ್ಲಿ ದೊಡ್ಡ ಪಾಲು ಮೊದಲನೆಯ ಜಾತಿಯದು, ಅದರಲ್ಲಿ ಗುಟ್ಟೇನೂ ಇಲ್ಲ. ತಕರಾರು ಇರುವುದು ಮೂರನೆಯದರಲ್ಲಿ.

ಹೊಣೆಯ ಪ್ರಶ್ನೆ ಎಲ್ಲಿ ಏಳುತ್ತದೆ ಎಂದು ತಿಳಿಯಲು, ಯಂತ್ರವೊಂದು ಚುಟುಕನ್ನು ಹೇಗೆ ಬಿಡಿಸುತ್ತದೆ ಎಂಬುದನ್ನು ನೋಡಬೇಕು. ಬಳಕೆಯಲ್ಲಿರುವ ವಿಧಾನಗಳು ಮುಖ್ಯವಾಗಿ ಮೂರು.

1. ಏಕೈಕತೆಯ ನಿಯಮ. ಒತ್ತಿದ ಅಕ್ಷರಗಳಿಂದ ಆರಂಭವಾಗುವ ಹೆಸರು ಒಂದೇ ಇದ್ದರೆ ಅದನ್ನೇ ಹಿಡಿ. ಎರಡಿದ್ದರೆ ಗೊಂದಲವಿದೆ ಎಂದು ಹೇಳಿ ನಿಲ್ಲು.

2. ಸರದಿಯ ನಿಯಮ. ಎರಡಿದ್ದರೆ ಒಳಗಿನ ಪಟ್ಟಿಯಲ್ಲಿ ಯಾವುದು ಮೊದಲು ಬರುತ್ತದೋ ಅದನ್ನು ಹಿಡಿ, ಕೇಳಬೇಡ.

3. ನಿಗದಿಯ ನಿಯಮ. ಪ್ರತಿ ಹೆಸರಿಗೂ ಇಂತಿಷ್ಟು ಅಕ್ಷರ ಕಡ್ಡಾಯ ಎಂದು ಮೊದಲೇ ಗೊತ್ತುಪಡಿಸಿ ಪ್ರಕಟಿಸು.

ಮೊದಲನೆಯದು ನೋಡಲು ಅತ್ಯಂತ ನ್ಯಾಯವಾಗಿ ಕಾಣುತ್ತದೆ, ಕಲಿಯುವುದೂ ಸುಲಭ. ಗ್ನೂ ಉಪಕರಣಗಳ ಉದ್ದನೆಯ ಆಯ್ಕೆಗಳನ್ನು ಓದುವ ಗೆಟ್‌ಆಪ್ಟ್ ಲಾಂಗ್ ಈ ನಿಯಮದಂತೆ ನಡೆಯುತ್ತದೆ, ಪೈಥಾನಿನ ಆರ್ಗ್‌ಪಾರ್ಸ್ ಕೂಡ. ಆದರೆ ಇಲ್ಲಿ ಒಂದು ಚುಟುಕಿನ ಅರ್ಥ ನಿಂತಿರುವುದು ಆ ಕಮಾಂಡಿನ ಮೇಲಲ್ಲ. ಬೇರೆ ಯಾವ ಕಮಾಂಡೂ ಅದೇ ಅಕ್ಷರಗಳಿಂದ ಆರಂಭವಾಗುತ್ತಿಲ್ಲ ಎಂಬ ಅಭಾವದ ಮೇಲೆ. ಒಂದು ಉಪಕರಣದಲ್ಲಿ ವರ್ಬೋಸ್ ಎಂಬ ಆಯ್ಕೆ ಮಾತ್ರ ಇದೆ ಎಂದುಕೊಳ್ಳಿ. ಸ್ಕ್ರಿಪ್ಟಿನಲ್ಲಿ ವರ್ಬ್ ಎಂದಷ್ಟೇ ಬರೆದರೂ ಕೆಲಸವಾಗುತ್ತದೆ. ಮುಂದಿನ ಆವೃತ್ತಿಯಲ್ಲಿ ವರ್ಬೇಟಿಮ್ ಎಂಬ ಹೊಸ ಆಯ್ಕೆ ಬಂದರೆ ಹಳೆಯ ಸ್ಕ್ರಿಪ್ಟ್ ನಿಲ್ಲುತ್ತದೆ. ಆವೃತ್ತಿ ತಯಾರಿಸಿದವರು ಏನನ್ನೂ ತೆಗೆದಿಲ್ಲ, ಏನನ್ನೂ ಬದಲಿಸಿಲ್ಲ, ಒಂದನ್ನು ಸೇರಿಸಿದ್ದಾರೆ ಅಷ್ಟೆ. ಆದರೂ ಇನ್ನೊಬ್ಬರ ಕೆಲಸ ಮುರಿಯಿತು. ನಿಂತುಹೋಗುವುದಾದರೂ ಕಣ್ಣಿಗೆ ಬೀಳುತ್ತದೆ. ಇದಕ್ಕಿಂತ ಕೆಟ್ಟದ್ದೂ ಆಗಬಹುದು. ಹೊಸ ಆಯ್ಕೆಯ ಹೆಸರು ನೆಟ್ಟಗೆ ವರ್ಬ್ ಎಂದೇ ಇದ್ದರೆ, ಪೂರ್ತಿ ಹೊಂದುವ ಹೆಸರಿಗೆ ಮೊದಲ ಮನ್ನಣೆ ಎಂಬ ನಿಯಮದಂತೆ ಹಳೆಯ ಸ್ಕ್ರಿಪ್ಟ್ ಒಂದು ದೂರೂ ಇಲ್ಲದೆ ಬೇರೆಯೇ ಕೆಲಸ ಮಾಡತೊಡಗುತ್ತದೆ. ಪೈಥಾನ್ ಬಳಗಕ್ಕೆ ಈ ಇಕ್ಕಟ್ಟು ಅರಿವಾಗಿರಬೇಕು. 2015ರಲ್ಲಿ ಬಂದ 3.5 ಆವೃತ್ತಿಯಲ್ಲಿ, ಚುಟುಕುಗಳನ್ನು ಒಪ್ಪುವುದೋ ಬೇಡವೋ ಎಂದು ಪ್ರೋಗ್ರಾಮ್ ಬರೆಯುವವರೇ ತೀರ್ಮಾನಿಸುವ ಸೌಲಭ್ಯವನ್ನು ಆರ್ಗ್‌ಪಾರ್ಸ್‌ಗೆ ಸೇರಿಸಲಾಯಿತು. ಹೇಳದೆ ಬಿಟ್ಟರೆ ಮಾತ್ರ ಅದು ಇಂದಿಗೂ ಒಪ್ಪಿಕೊಳ್ಳುತ್ತದೆ.

‘ನಡೆಯುತ್ತದೆ, ಆದ್ದರಿಂದ ಭಾಷೆಗೆ ಸೇರಿದೆ’ ಎಂಬ ವಾದ ಸೋಲುವುದು ಇಲ್ಲಿ. ನಡೆಯುತ್ತದೆ ಎಂಬುದು ಇಂದಿನ ಆವೃತ್ತಿಯ ಬಗ್ಗೆ, ಈ ಯಂತ್ರದ ಬಗ್ಗೆ ಹೇಳಿದ ಸಂಗತಿ. ಭಾಷೆಗೆ ಸೇರಿದೆ ಎಂಬುದು ನಾಳೆಯ ಆವೃತ್ತಿಗೂ ಪಕ್ಕದವರ ಯಂತ್ರಕ್ಕೂ ಅನ್ವಯಿಸುವ ಮಾತು. ಎಷ್ಟೇ ಸಲ ಪ್ರಯೋಗ ಮಾಡಿದರೂ ಮೊದಲನೆಯದರಿಂದ ಎರಡನೆಯದು ಸಿದ್ಧವಾಗುವುದಿಲ್ಲ, ಏಕೆಂದರೆ ಎರಡನೆಯದು ಕಂಡುಹಿಡಿಯುವ ಸಂಗತಿಯಲ್ಲ, ಯಾರಾದರೂ ಕೊಡಬೇಕಾದ ಮಾತು. ಸೋರ್ಸ್ ಕೋಡ್ ಓದುವುದರಿಂದಲೂ ಈ ಕೊರತೆ ತುಂಬುವುದಿಲ್ಲ. ಅದು ಪ್ರೋಗ್ರಾಮು ಏನು ಮಾಡುತ್ತದೆ ಎಂದು ಚಾಚೂ ತಪ್ಪದೆ ಹೇಳುತ್ತದೆ. ಅದರಲ್ಲಿ ಯಾವುದು ಉದ್ದೇಶ, ಯಾವುದು ಆಕಸ್ಮಿಕ ಎಂದು ಹೇಳುವುದು ಬಹಳ ಅಪರೂಪ.

ಅಪರೂಪಕ್ಕೆ ಹೇಳಿದಾಗ ಎಷ್ಟು ಚೆನ್ನಾಗಿ ಹೇಳಬಹುದು ಎಂಬುದಕ್ಕೂ ವಿಮ್‌ನಲ್ಲೇ ಉದಾಹರಣೆಯಿದೆ. ಅದರ ಕಮಾಂಡುಗಳ ಪಟ್ಟಿ ಇರುವ ಸೋರ್ಸ್ ಫೈಲಿನಲ್ಲಿ ಒಂದು ಟಿಪ್ಪಣಿ ಸಿಗುತ್ತದೆ. ಹೆಸರುಗಳ ಅನುಕ್ರಮಕ್ಕೆ ಮಹತ್ವವಿದೆ, ಎರಡರ್ಥದ ಚುಟುಕುಗಳು ಮೊದಲು ಸಿಗುವ ಹೆಸರಿಗೇ ಹೋಗುತ್ತವೆ ಎಂದು ಅದು ವಿವರಿಸಿ, ಆರ್ ಎಂದರೆ ರೀವೈಂಡ್ ಆಗದೆ ರೀಡ್ ಆಗುವುದನ್ನು ನಿದರ್ಶನವಾಗಿ ಕೊಡುತ್ತದೆ. ಮುಂದುವರಿದು, ಬೆಂಬಲವಿಲ್ಲದ ಕಮಾಂಡುಗಳನ್ನೂ ಗೊಂದಲ ತಪ್ಪಿಸುವುದಕ್ಕಾಗಿ ಪಟ್ಟಿಯಲ್ಲಿ ಇಟ್ಟಿದೆ ಎನ್ನುತ್ತದೆ. ಈ ಎರಡನೆಯ ವಾಕ್ಯ ಬರೆದವರ ವಿವೇಕವನ್ನು ನಾನು ಮನಸಾರೆ ಮೆಚ್ಚುತ್ತೇನೆ. ವಿಮ್ ಅನ್ನು ಬೇರೆ ಬೇರೆ ಸೌಲಭ್ಯಗಳೊಂದಿಗೆ ಕಂಪೈಲ್ ಮಾಡಬಹುದು. ಒಂದು ಸೌಲಭ್ಯ ಬಿಟ್ಟಾಗ ಅದರ ಕಮಾಂಡಿನ ಹೆಸರೂ ಪಟ್ಟಿಯಿಂದ ಹಾರಿಹೋದರೆ, ಅದರ ಚುಟುಕು ಸದ್ದಿಲ್ಲದೆ ನಂತರದ ಹೆಸರಿಗೆ ದಾಟಿಬಿಡುತ್ತದೆ. ಒಂದೇ ಎರಡಕ್ಷರ ಒಂದು ಯಂತ್ರದಲ್ಲಿ ಒಂದು, ಇನ್ನೊಂದರಲ್ಲಿ ಇನ್ನೊಂದು ಎನ್ನುವಂತಾಗುತ್ತದೆ. ಅದಕ್ಕೇ ಖಾಲಿ ಹೆಸರನ್ನೂ ಅದರ ಜಾಗದಲ್ಲಿ ಕೂರಿಸಿ, ‘ಈ ಕಮಾಂಡ್ ಇಲ್ಲಿ ಲಭ್ಯವಿಲ್ಲ’ ಎಂದು ಹೇಳಿಸುವುದು. ಅಂದರೆ ಒಳಗೆ ಸರದಿಯ ನಿಯಮವಿದ್ದರೂ ಹೊರಗೆ ಬಳಕೆದಾರರಿಗೆ ಸಿಗುವುದು ನಿಗದಿಯ ನಿಯಮದ ಭರವಸೆ, ಕಂಸಗಳಲ್ಲಿ ಪ್ರಕಟವಾದದ್ದು. ಎಸ್ ಎಂದರೆ ಸಬ್‌ಸ್ಟಿಟ್ಯೂಟ್. ಸೆಟ್, ಶೆಲ್, ಸೋರ್ಸ್, ಸ್ಟಾಪ್ ಎಲ್ಲವೂ ಅದೇ ಅಕ್ಷರದಿಂದ ಆರಂಭವಾದರೂ ಆ ಒಂಟಿ ಅಕ್ಷರ ಇನ್ನೆಂದೂ ಅವುಗಳದಾಗುವುದಿಲ್ಲ. ಏಕೈಕತೆಯ ಲೆಕ್ಕದಲ್ಲಿ ಇದು ಅನ್ಯಾಯ. ಆದರೆ ಅತಿ ಹೆಚ್ಚು ಬಳಕೆಯಾಗುವ ಕೆಲಸಕ್ಕೆ ಅತಿ ಚಿಕ್ಕ ಹೆಸರನ್ನು ಯಾರೋ ಯೋಚಿಸಿ ಕೊಟ್ಟು, ಕೊಟ್ಟದ್ದನ್ನು ಬರೆದೂ ಇಟ್ಟಿದ್ದಾರೆ.

ಹಾಗೆಂದು ಈ ಭಾಷೆಯಲ್ಲಿ ಆಕಸ್ಮಿಕಗಳೇ ಇಲ್ಲವೆಂದಲ್ಲ. ಎರಡು ಒಳ್ಳೆಯ ನಿಯಮಗಳು ಕೂಡುವ ಜಾಗದಲ್ಲಿ ಯಾರೂ ಬಯಸದ ಮೂರನೆಯದು ಹುಟ್ಟುತ್ತದೆ. ಇಡಿಯ ಕಾಲದಲ್ಲಿ ಕಮಾಂಡಿನ ಬಾಲಕ್ಕೆ ಪಿ ಅಂಟಿಸಿದರೆ, ಕೆಲಸ ಮುಗಿದ ಮೇಲೆ ಸಾಲನ್ನು ಅಚ್ಚೊತ್ತಿ ತೋರಿಸು ಎಂದರ್ಥ; ಪರದೆಯಿಲ್ಲದಾಗ ಅದು ಬೇಕಾಗಿತ್ತು. ಎಲ್ ಅಂಟಿಸಿದರೆ ಕಾಣದ ಅಕ್ಷರಗಳನ್ನೂ ಕಾಣಿಸು ಎಂದು. ಈ ಬಾಲದ ನಿಯಮವೂ ಡಿಲೀಟನ್ನು ಎಷ್ಟು ಬೇಕಾದರೂ ಮೊಟಕುಗೊಳಿಸಬಹುದೆಂಬ ನಿಯಮವೂ ಸೇರಿದಾಗ ಡಿಎಲ್, ಡಿಪಿ ಎಂಬವಷ್ಟೇ ಅಲ್ಲದೆ, ಡಿಲೀಟ್ ಪದದ ಯಾವ ತುಣುಕಿಗಾದರೂ ಎಲ್ ಅಥವಾ ಪಿ ಅಂಟಿದ ವಿಚಿತ್ರ ರೂಪಗಳ ಹಿಂಡೇ ಹುಟ್ಟಿತು. ವಿಮ್‌ನ ಸಹಾಯ ಪುಟ ಈಗ ಅವನ್ನು ಒಂದೊಂದಾಗಿ ಪಟ್ಟಿಮಾಡಿ, ಇವು ವಿಲಕ್ಷಣವೆಂದು ತಾನೇ ಹೇಳುತ್ತದೆ. ಅಪಾಯ ಕಾಲ್ಪನಿಕವೇನಲ್ಲ. ವಿಮ್‌ನಲ್ಲಿ ಇಂಥ ಹೆಸರಿರುವ ಕಮಾಂಡುಗಳನ್ನು ಕೋಲನ್ ಒತ್ತಿ ಬರೆಯಬೇಕು; ಕೋಲನ್ ಇಲ್ಲದೆ ಒತ್ತಿದ ಕೀಲಿಗಳು ನೇರ ಆಜ್ಞೆಗಳು. ಎರಡು ಫೈಲುಗಳ ವ್ಯತ್ಯಾಸ ನೋಡುವಾಗ ಕೋಲನ್ ಇಲ್ಲದೆ ಡಿ, ಪಿ ಒತ್ತಿದರೆ ಬದಲಾವಣೆ ಆಚೆಯ ಫೈಲಿಗೆ ಹೋಗುತ್ತದೆ. ಅದನ್ನೇ ಕೋಲನ್ ಹಾಕಿ ಬರೆದರೆ ಈಚೆಯ ಸಾಲು ಅಳಿಯುತ್ತದೆ. ಕೆ ಎಂಬ ಒಂಟಿ ಅಕ್ಷರದ ಕಥೆ ಇನ್ನೊಂದು ಬಗೆಯದು. ಅದು ಸಾಲಿಗೆ ಗುರುತು ಹಾಕುವ ಹಳೆಯ ಕಮಾಂಡ್, ಗುರುತಿನ ಅಕ್ಷರವನ್ನು ಜಾಗ ಬಿಡದೆ ಅದರ ಬೆನ್ನಿಗೇ ಬರೆಯಬಹುದು. ಹೀಗಾಗಿ ಕೆ ನಂತರ ಇ ಬರೆದರೆ ‘ಇ ಎಂಬ ಗುರುತು ಹಾಕು’ ಎಂದೇ ಆಯಿತು. ಮುಂದೆ ಕೀಪ್‌ಮಾರ್ಕ್ಸ್ ಎಂಬ ಕಮಾಂಡ್ ಬಂದಾಗ ಅದಕ್ಕೆ ಎರಡಕ್ಷರದ ಚುಟುಕು ಸಿಗಲಿಲ್ಲ. ಎರಡನೆಯ ಇ ಬರುವವರೆಗೆ ಕಾಯಬೇಕಾಯಿತು. ಇಡಿಯ ಕಾಲದ ಒಂದಕ್ಷರದ ಉಳಿತಾಯಕ್ಕೆ ದಶಕಗಳ ನಂತರ ಬಂದ ಕಮಾಂಡೊಂದು ಬೆಲೆ ತೆರಬೇಕಾಗಿ ಬಂತು.

ಇಲ್ಲಿಗೆ ಗಟ್ಟಿಯಾದ ಆಕ್ಷೇಪವೊಂದು ಬರುತ್ತದೆ. ಹೊಲದ ನಡುವೆ ಊರವರು ವರ್ಷಗಟ್ಟಲೆ ನಡೆದು ಸವೆಸಿದ ಕಾಲುದಾರಿಯನ್ನು ‘ಪಹಣಿಯಲ್ಲಿಲ್ಲ’ ಎಂದು ಒಂದು ಬೆಳಗ್ಗೆ ಮುಳ್ಳುಬೇಲಿ ಹಾಕಿ ಮುಚ್ಚಲಾದೀತೇ? ಬಳಕೆಯಿಂದಲೇ ಹಕ್ಕು ಹುಟ್ಟುತ್ತದೆ ಎಂಬುದನ್ನು ಕಾನೂನೂ ಒಪ್ಪುತ್ತದೆ. ಸಾಫ್ಟ್‌ವೇರಿನಲ್ಲಿ ಇದಕ್ಕೆ ಸಮನಾದ ಮಾತು ಗೂಗಲ್‌ನಲ್ಲಿ ಎಂಜಿನಿಯರ್ ಆಗಿದ್ದ ಹೈರಮ್ ರೈಟ್ ಅವರ ಹೆಸರಿನಲ್ಲಿ ಪ್ರಸಿದ್ಧವಾಗಿದೆ: ಬಳಸುವವರು ಸಾಕಷ್ಟು ಜನ ಇದ್ದರೆ, ನೀವು ಒಪ್ಪಂದದಲ್ಲಿ ಏನೇ ಬರೆದಿರಲಿ, ನಿಮ್ಮ ವ್ಯವಸ್ಥೆಯಲ್ಲಿ ಕಣ್ಣಿಗೆ ಬೀಳುವ ಪ್ರತಿಯೊಂದು ನಡವಳಿಕೆಯನ್ನೂ ಯಾರೋ ಒಬ್ಬರು ನೆಚ್ಚಿಕೊಂಡಿರುತ್ತಾರೆ. ಹಾಗಾದರೆ ದಾಖಲಾದದ್ದು, ದಾಖಲಾಗದ್ದು ಎಂಬ ಭೇದಕ್ಕೆ ಏನರ್ಥ ಉಳಿಯಿತು?

ಈ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ, ಆ ಅರ್ಧವನ್ನು ಒಪ್ಪಲೇಬೇಕು. ಬಳಕೆ ತಯಾರಕರ ಕೈ ಕಟ್ಟುತ್ತದೆ. ಕೀತ್ ಬಾಸ್ಟಿಕ್ ಎನ್‌ವಿಐ ಎಂಬ ಹೆಸರಿನಲ್ಲಿ ವಿಐಯನ್ನು ಹೊಸದಾಗಿ ಬರೆದಾಗ ಗುರಿ ಇಟ್ಟುಕೊಂಡದ್ದು ಮೂಲದ ದೋಷಗಳೂ ಸೇರಿದಂತೆ ಹೊಂದಾಣಿಕೆಯಾಗಬೇಕು ಎಂದು. ಪರವಾನಗಿಯ ತೊಡಕಿಲ್ಲದ ವಿಐ ಬರ್ಕ್‌ಲಿ ಯೂನಿಕ್ಸ್‌ಗೆ ಬೇಕಾಗಿತ್ತು, ಆದರೆ ಬಳಕೆದಾರರ ಬೆರಳುಗಳು ಹಳೆಯ ವಿಐಗೆ ಒಗ್ಗಿಹೋಗಿದ್ದವು. ಆದರೆ ಈ ಉದಾಹರಣೆ ತೋರಿಸುವುದು ಇನ್ನೂ ಒಂದನ್ನು. ಬಳಕೆಯಿಂದ ಹುಟ್ಟಿದ ಹಕ್ಕಿಗೆ ಬೆಲೆ ತೆತ್ತದ್ದು ಚುಟುಕು ಬಳಸಿದವರಲ್ಲ. ಎರಡನೆಯ ಸಲ ಬರೆಯಲು ಕುಳಿತವರು. ಯಾವುದು ಉದ್ದೇಶ, ಯಾವುದು ಆಕಸ್ಮಿಕ ಎಂದು ಮೊದಲಿನವರು ಬರೆದಿಡದ ಕಡೆಯೆಲ್ಲ ನಂತರದವರು ಎರಡನ್ನೂ ಸಮನಾಗಿ ಹೊರಬೇಕಾಗುತ್ತದೆ. ಹಾಗಾಗಿ ರೈಟ್ ಅವರ ಮಾತಿನಿಂದ ದಾಖಲೆ ವ್ಯರ್ಥ ಎಂಬ ತೀರ್ಮಾನ ಹೊರಡುವುದಿಲ್ಲ. ಬೇಗ ಬರೆದಿಡದಿದ್ದರೆ ಆಯ್ಕೆ ಕೈತಪ್ಪುತ್ತದೆ ಎಂಬುದಷ್ಟೇ ಹೊರಡುತ್ತದೆ.

ವಿಮ್ ಈ ಹೊರೆಯನ್ನು ಇಳಿಸಿದ ರೀತಿ ನನ್ನ ವಾದಕ್ಕೆ ಅತ್ಯಂತ ಹತ್ತಿರದ ಸಾಕ್ಷಿ. ಬ್ರಾಮ್ ಮೂಲೆನಾರ್ 1991ರಲ್ಲಿ ಬಿಡುಗಡೆ ಮಾಡಿ, 2023ರಲ್ಲಿ ತೀರಿಕೊಳ್ಳುವವರೆಗೂ ಮುನ್ನಡೆಸಿದ ಈ ಎಡಿಟರಿನ 9.0 ಆವೃತ್ತಿ 2022ರ ಜೂನ್‌ನಲ್ಲಿ ಬಂತು. ಅದರೊಂದಿಗೆ ಬಂದ ಹೊಸ ಸ್ಕ್ರಿಪ್ಟ್ ಭಾಷೆಯಲ್ಲಿ ಕೆ, ಟಿ ಎಂಬ ಒಂಟಿ ಅಕ್ಷರದ ಕಮಾಂಡುಗಳಿಗೆ ಜಾಗವಿಲ್ಲ. ಡಿ ಅಕ್ಷರಕ್ಕೆ ಪಿ ಅಂಟಿದ ರೂಪಕ್ಕೂ ಇಲ್ಲ. ಕೆಲವು ಕಮಾಂಡುಗಳನ್ನು ಮೊಟಕು ಮಾಡಿದರೆ, ಮೊಟಕು ಮಾಡುವಂತಿಲ್ಲ ಎಂಬ ನೇರ ದೋಷಸಂದೇಶವೇ ಬರುತ್ತದೆ. ಆದರೆ ಕೋಲನ್ ಒತ್ತಿ ಕೈಯಿಂದ ಬರೆಯುವಾಗ ಹಳೆಯ ಚುಟುಕುಗಳೆಲ್ಲ ಎಂದಿನಂತೆ ನಡೆಯುತ್ತವೆ, ಹಳೆಯ ಸ್ಕ್ರಿಪ್ಟುಗಳೂ ಓಡುತ್ತವೆ. ಯಾರ ಕಾಲುದಾರಿಯನ್ನೂ ಮುಚ್ಚಲಿಲ್ಲ. ಆ ದಾರಿಯ ಮೇಲೆ ಹೊಸ ಕಟ್ಟಡ ಕಟ್ಟಬಾರದು ಎಂದರು. ಗೆರೆ ಎಳೆದದ್ದು ದಾಖಲಾದ ಚುಟುಕು ಮತ್ತು ದಾಖಲಾಗದ ಚುಟುಕಿನ ನಡುವೆ ಅಲ್ಲ ಎಂಬುದನ್ನು ಗಮನಿಸಬೇಕು. ಟಿ, ಕೆ ಎರಡೂ ಪೋಸಿಕ್ಸ್ ಮಾನಕದಲ್ಲೇ ಇರುವಂಥವು. ಗೆರೆ ಬಿದ್ದದ್ದು ಬೆರಳಿಗೂ ಫೈಲಿಗೂ ನಡುವೆ.

ಈ ಗೆರೆಯೇ ವಿಷಯದ ತಿರುಳು. ಬೆರಳಿನಿಂದ ಒತ್ತುವಾಗ ಒತ್ತಿದವರು ಅಲ್ಲೇ ಕೂತಿರುತ್ತಾರೆ, ಫಲಿತಾಂಶ ಕಣ್ಣೆದುರು ಬರುತ್ತದೆ, ತಪ್ಪಾದರೆ ಯು ಒತ್ತಿ ಹಿಂದಕ್ಕೆ ಹೋಗಬಹುದು. ಆ ಚುಟುಕಿನ ಆಯುಸ್ಸು ಒಂದು ಕ್ಷಣ. ಅದಕ್ಕೆ ಭವಿಷ್ಯದ ಭರವಸೆಯೇ ಬೇಕಿಲ್ಲ. ಫೈಲಿನಲ್ಲಿ ಬರೆದದ್ದು ಹಾಗಲ್ಲ. ಅದು ಬರೆದವರಿಲ್ಲದಾಗ ಓಡುತ್ತದೆ, ಬರೆದವರಿಗೆ ಗೊತ್ತಿಲ್ಲದ ಆವೃತ್ತಿಯ ಮೇಲೆ ಓಡುತ್ತದೆ, ಬರೆದವರನ್ನು ನೋಡಿರದವರು ಓದುತ್ತಾರೆ. ಅಲ್ಲಿ ಚುಟುಕಿನಿಂದ ಉಳಿಯುವುದು ಒಮ್ಮೆ ಒತ್ತುವ ನಾಲ್ಕೈದು ಅಕ್ಷರ. ಓದುವವರು ತೆರುವುದು ಪ್ರತಿ ಸಲದ ಅನುಮಾನ. ಹೀಗೆ ಬಿಡಿಸಿಕೊಂಡರೆ ಟೆಲಿಟೈಪ್ ಕಾಲದ ವಾದವೂ ತನ್ನ ಸರಿಯಾದ ಅಳತೆಗೆ ಬರುತ್ತದೆ. ಸೆಕೆಂಡಿಗೆ 10 ಅಕ್ಷರದ ಯಂತ್ರದ ಮುಂದೆ ಕುಳಿತವರಿಗೆ ಅದು ಪೂರ್ತಿ ಸರಿ. ಸ್ಕ್ರಿಪ್ಟಿಗೆ ಅದು ಆಗಲೂ ಅನ್ವಯಿಸುತ್ತಿರಲಿಲ್ಲ.

ಬೆರಳಿಗೂ ಫೈಲಿಗೂ ನಡುವಿನ ಗಡಿಯಲ್ಲಿ ಯಂತ್ರವೇ ಚುಟುಕನ್ನು ಬಿಡಿಸಿ ಬರೆಯಬಹುದು ಎಂಬುದನ್ನು ಬೇರೆ ವ್ಯವಸ್ಥೆಗಳು ತೋರಿಸಿಕೊಟ್ಟಿವೆ. ಸಿಸ್ಕೋ ರೌಟರುಗಳ ಐಒಎಸ್ ಇದಕ್ಕೆ ಒಳ್ಳೆಯ ನಿದರ್ಶನ. ನೆಟ್‌ವರ್ಕ್ ಕೆಲಸದವರು ದಿನವಿಡೀ ಒತ್ತುವುದು ‘ಕಾನ್ಫ್ ಟಿ’, ‘ಐಪಿ ಆಡ್’ ಎಂಬ ತುಂಡು ಪದಗಳನ್ನೇ. ಅಲ್ಲಿರುವುದು ನಾನು ಮೇಲೆ ದೂರಿದ ಏಕೈಕತೆಯ ನಿಯಮವೇ. ಆದರೆ ರೌಟರಿನ ಸದ್ಯದ ಸಂರಚನೆಯನ್ನು ತೋರಿಸು ಎಂದಾಗ ‘ಐಪಿ ಆಡ್ರೆಸ್’ ಎಂದು ಪೂರ್ಣ ಹೆಸರೇ ಕಾಣುತ್ತದೆ. ಉಳಿಸಿದ ಫೈಲಿಗೂ ಹೋಗುವುದು ಅದೇ. ನಾಳೆ ಅದೇ ಅಕ್ಷರಗಳಿಂದ ಆರಂಭವಾಗುವ ಹೊಸ ಕಮಾಂಡ್ ಬಂದರೂ ಉಳಿಸಿದ್ದಕ್ಕೆ ಧಕ್ಕೆಯಿಲ್ಲ. ಫಿಶ್ ಎಂಬ ಶೆಲ್‌ನಲ್ಲಿ ನಾವು ಹೇಳಿಕೊಟ್ಟ ಚುಟುಕು, ಸ್ಪೇಸ್ ಒತ್ತಿದೊಡನೆ ಕಣ್ಣೆದುರೇ ಪೂರ್ಣ ಕಮಾಂಡಾಗಿ ಬಿಚ್ಚಿಕೊಳ್ಳುತ್ತದೆ. ಹಿಸ್ಟರಿಯಲ್ಲಿ ಉಳಿಯುವುದೂ ಪೂರ್ಣ ರೂಪವೇ. ಈಮ್ಯಾಕ್ಸ್‌ನಲ್ಲಿ ಕಮಾಂಡಿನ ಹೆಸರಿನ ತುಣುಕುಗಳನ್ನು ಒತ್ತಿ ಪೂರ್ತಿ ಹೆಸರಿಗೆ ತಲುಪಬಹುದು, ಆದರೆ ಅದರ ಲಿಸ್ಪ್ ಫೈಲಿನೊಳಗೆ ತುಣುಕಿಗೆ ಬೆಲೆಯಿಲ್ಲ. ಅಂದಮೇಲೆ ದೋಷ ಏಕೈಕತೆಯ ನಿಯಮದ್ದೂ ಅಲ್ಲ, ಚುಟುಕಿನ ಆಸೆಯದ್ದೂ ಅಲ್ಲ. ಕ್ಷಣಿಕವಾದದ್ದನ್ನು ಶಾಶ್ವತ ಜಾಗಕ್ಕೆ ಸೋರಲು ಬಿಡುವುದರಲ್ಲಿದೆ. ವಿಮ್ ತನ್ನ ಕಮಾಂಡ್ ಹಿಸ್ಟರಿಯಲ್ಲಿ ಒತ್ತಿದ್ದನ್ನು ಒತ್ತಿದಂತೆಯೇ ಇಡುತ್ತದೆ. ಅಲ್ಲಿಂದ ನಕಲು ಮಾಡಿ ಸ್ಕ್ರಿಪ್ಟಿಗೆ ಅಂಟಿಸುವುದೇ ರೂಢಿಯಾದ್ದರಿಂದ, ಬಿಡಿಸಿ ಬರೆದುಕೊಡುವ ಒಂದು ಸೌಲಭ್ಯ ಅಲ್ಲಿರಬೇಕಿತ್ತು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಎಲ್ಲವನ್ನೂ ದಾಖಲಿಸಹೊರಟರೆ ಕೈಪಿಡಿ ಊದಿಕೊಂಡು ಯಾರೂ ಓದದಂತಾಗುತ್ತದೆ ಎಂಬುದು ಮತ್ತೊಂದು ಆಕ್ಷೇಪ. ಇದಕ್ಕೆ ಉತ್ತರ ಚಿಕ್ಕದು: ದಾಖಲಿಸಬೇಕಾದದ್ದು ರೂಪಗಳನ್ನಲ್ಲ, ನಿಯಮವನ್ನೂ ಅದರ ಎಲ್ಲೆಯನ್ನೂ. ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ವಿಎಂಎಸ್ ವ್ಯವಸ್ಥೆಯಲ್ಲಿ ಕಮಾಂಡಿನ ಮೊದಲ ನಾಲ್ಕಕ್ಷರ ಬರೆದರೆ ಸಾಕು ಎಂಬ ಭರವಸೆಯಿತ್ತು. ಅದಕ್ಕಿಂತ ಚಿಕ್ಕದು ಇಂದು ನಡೆದರೆ ಅದು ನಿಮ್ಮ ಅದೃಷ್ಟ. ಕೈಪಿಡಿ ಇದರಿಂದ ಉಬ್ಬಲಿಲ್ಲ. ವಿಮ್ ಕೂಡ ಬಳಕೆದಾರರು ತಾವೇ ಕಟ್ಟುವ ಕಮಾಂಡುಗಳ ಹೆಸರು ದೊಡ್ಡಕ್ಷರದಿಂದ ಆರಂಭವಾಗಬೇಕು ಎಂದು ವಿಧಿಸುತ್ತದೆ. ಅದರಿಂದ ಮುಂದೆ ಬರುವ ಒಳ ಕಮಾಂಡುಗಳಿಗೂ ನಿಮ್ಮವುಗಳಿಗೂ ಜಗಳವಿಲ್ಲ.

ಉಳಿದದ್ದು ಕಸುಬಿನ ಬಗೆಗಿನ ಭಾವನೆ. ಇದನ್ನು ಹಗುರವಾಗಿ ಕಾಣಲಾರೆ. ಪಕ್ಕದಲ್ಲಿ ಕೂತು ಬಲ್ಲವರ ಬೆರಳಾಟ ನೋಡಿ ಕಲಿಯುವುದರಲ್ಲಿ ಪುಸ್ತಕ ಕೊಡದ ಸೊಗಸಿದೆ, ಅದು ಉಳಿಯಬೇಕು. ಆದರೆ ಬಾಯಿಂದ ಬಾಯಿಗೆ ಹೋಗುವಾಗ ರೂಪ ದಾಟುತ್ತದೆ, ಷರತ್ತು ಉದುರುತ್ತದೆ. ಫೈಲನ್ನು ಉಳಿಸಿ ಹೊರಬರುವ ಕಮಾಂಡುಗಳಲ್ಲಿ ಎಕ್ಸ್ ಎಂಬುದು ಡಬ್ಲ್ಯುಕ್ಯು ಎಂಬುದರ ಚುಟುಕು ಎಂದು ಎಷ್ಟೋ ಜನ ಕಲಿತಿದ್ದಾರೆ, ಕಲಿಸುತ್ತಿದ್ದಾರೆ. ಡಬ್ಲ್ಯುಕ್ಯು ಫೈಲನ್ನು ಯಾವಾಗಲೂ ಬರೆಯುತ್ತದೆ. ಎಕ್ಸ್ ಬರೆಯುವುದು ಬದಲಾವಣೆ ಇದ್ದರೆ ಮಾತ್ರ. ಫೈಲಿನ ಸಮಯ ನೋಡಿ ಮತ್ತೆ ಕಂಪೈಲ್ ಮಾಡುವ ಮೇಕ್‌ನಂಥ ಉಪಕರಣಕ್ಕೆ ಈ ಅಂತರ ಚೆನ್ನಾಗಿಯೇ ಗೊತ್ತು. ದೊಡ್ಡಕ್ಷರದ ಎಕ್ಸ್ ಒತ್ತಿದರೆ ಅನೇಕ ವಿಮ್‌ಗಳು ಫೈಲನ್ನು ಗೂಢಲಿಪಿಗೆ ಹಾಕುವ ಕೀಲಿಪದ ಕೇಳುತ್ತವೆ. ಗಾಬರಿಯಲ್ಲಿ ಏನೋ ಒತ್ತಿ, ಆಮೇಲೆ ಉಳಿಸಿದವರ ಪಾಡು ಹೇಳತೀರದು. ಇವೆಲ್ಲ ಕೈಪಿಡಿಯಲ್ಲಿವೆ. ‘ಬಲ್ಲವರಿಗೆ ಕೈಪಿಡಿ ಬೇಕಿಲ್ಲ’ ಎಂಬ ಹೆಮ್ಮೆಯಿಂದಾಗಿಯೇ ಅಲ್ಲೇ ಉಳಿದಿವೆ.

ಇದಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುವುದು ಆ ‘ಪಕ್ಕ’ ಯಾರಿಗೆ ಸಿಗುತ್ತದೆ ಎಂಬ ಪ್ರಶ್ನೆ. ಬೆಂಗಳೂರಿನ ದೊಡ್ಡ ಕಚೇರಿಗೆ ಸೇರಿದವರಿಗೆ ಹಿರಿಯರೊಬ್ಬರು ಪಕ್ಕದಲ್ಲಿ ಸಿಗಬಹುದು. ಕನ್ನಡ ಮಾಧ್ಯಮದಲ್ಲಿ ಓದಿ, ಜಿಲ್ಲಾ ಕೇಂದ್ರದ ಕಾಲೇಜಿನ ಲ್ಯಾಬಿನಲ್ಲೋ ಮನೆಯ ಹಳೆಯ ಲ್ಯಾಪ್‌ಟಾಪಿನಲ್ಲೋ ಒಬ್ಬರೇ ಕಲಿಯುತ್ತಿರುವವರಿಗೆ ಇರುವ ಹಿರಿಯರೆಂದರೆ ಕೈಪಿಡಿ ಒಂದೇ. ಅದರಲ್ಲಿಲ್ಲದ್ದನ್ನು ಅವರು ಹುಡುಕಲೂ ಆರರು, ಏಕೆಂದರೆ ಹುಡುಕುವುದಕ್ಕೂ ಒಂದು ಹೆಸರು ಬೇಕು. ಇನ್ನೊಬ್ಬರ ಸ್ಕ್ರಿಪ್ಟಿನಲ್ಲಿ ಎರಡಕ್ಷರದ ಚುಟುಕು ಎದುರಾದಾಗ ಅದು ಯಾವ ಪದದ ತುಣುಕು ಎಂದು ಊಹಿಸಲು ಇಂಗ್ಲಿಷಿನ ಒಡನಾಟ ಬೇಕು. ಅದು ಇಲ್ಲದವರೂ ಪೂರ್ಣ ಹೆಸರು ಕಂಡರೆ ನಿಘಂಟನ್ನಾದರೂ ತೆರೆಯಬಹುದು. ದಾಖಲಿಸದೆ ಬಿಟ್ಟ ಜ್ಞಾನ ಎಲ್ಲರಿಗೂ ತೆರೆದಿದೆ ಎಂಬುದು ಒಳಗಿರುವವರ ಭ್ರಮೆ. ಅದು ಪರಿಚಯವಿದ್ದವರಿಗೆ ಮಾತ್ರ ತೆರೆದಿರುತ್ತದೆ.

ನನ್ನ ವಾದ ಪೂರ್ತಿ ತಲುಪದ ಒಂದು ಮೂಲೆಯೂ ಇದೆ. ಕೋಲನ್ ಕಮಾಂಡುಗಳಿಗೆ ಪೂರ್ಣ ಹೆಸರುಗಳಿವೆ, ಬಿಡಿಸಿ ಬರೆಯಿರಿ ಎನ್ನಬಹುದು. ಕೋಲನ್ ಇಲ್ಲದೆ ನೇರ ಒತ್ತುವ, ನಾರ್ಮಲ್ ಮೋಡ್‌ನ ಕೀಲಿಗಳಿಗೆ ಹಾಗಿಲ್ಲ. ಎರಡು ಸಲ ಡಿ ಒತ್ತುವುದಕ್ಕೆ ಬೇರೆ ಉದ್ದನೆಯ ಹೆಸರೇ ಇಲ್ಲ, ಆ ಒತ್ತುವಿಕೆಯೇ ಹೆಸರು. ಅಂಥ ಒತ್ತುವಿಕೆಗಳನ್ನು ಮ್ಯಾಕ್ರೋ ಆಗಿ ಹಿಡಿದಿಟ್ಟಾಗ, ಅಥವಾ ನಾರ್ಮಲ್ ಎಂಬ ಕಮಾಂಡಿನ ಮೂಲಕ ಸ್ಕ್ರಿಪ್ಟಿನಲ್ಲಿ ಬರೆದಾಗ, ಬೆರಳಿನದು ಫೈಲಿಗೆ ಬಂದೇ ಬರುತ್ತದೆ. ಇನ್ನೊಬ್ಬರು ತಮ್ಮ ಯಂತ್ರದಲ್ಲಿ ಡಿ ಕೀಲಿಗೆ ಬೇರೆ ಅರ್ಥ ಕೊಟ್ಟಿದ್ದರೆ ನಿಮ್ಮ ಸ್ಕ್ರಿಪ್ಟ್ ಅವರ ಅರ್ಥದಂತೆ ನಡೆಯುತ್ತದೆ. ವಿಮ್ ಇದಕ್ಕೂ ದಾರಿ ಇಟ್ಟಿದೆ: ನಾರ್ಮಲ್ ಎಂಬುದರ ಕೊನೆಗೆ ಆಶ್ಚರ್ಯಸೂಚಕ ಚಿಹ್ನೆ ಹಾಕಿದರೆ ಬಳಕೆದಾರರ ಬದಲಾವಣೆಗಳನ್ನೆಲ್ಲ ಬದಿಗಿಟ್ಟು ಮೂಲ ಅರ್ಥವನ್ನೇ ಹಿಡಿಯುತ್ತದೆ. ಸ್ಕ್ರಿಪ್ಟಿನಲ್ಲಿ ಆ ಚಿಹ್ನೆಯಿಲ್ಲದ ನಾರ್ಮಲ್ ಬರೆಯಲು ಗಟ್ಟಿ ಕಾರಣ ಬೇಕು. ಬರೆದಾಗ ಆ ಕೀಲಿಗಳು ಏನು ಮಾಡುತ್ತವೆ ಎಂಬ ಒಂದು ಸಾಲಿನ ಟಿಪ್ಪಣಿ ಪಕ್ಕದಲ್ಲೇ ಇರಬೇಕು, ಏಕೆಂದರೆ ಓದುವವರಿಗೆ ಪೂರ್ಣ ರೂಪ ಸಿಗುವುದು ಅಲ್ಲಿ ಮಾತ್ರ.